ಗುಂಯ್

ಕೆನ್ನೆಗೆ ಬಿಗಿಯಾಗಿ ಏಟು ಬಿದ್ದವರು "ಕಿವಿ ಗುಂಯ್ ಅಂತು" ಎನ್ನುತ್ತಾರೆ. ಪಕ್ಕದಲ್ಲೇ ಲಕ್ಷ್ಮೀ ಪಟಾಕಿ ಸಿಡಿದರೂ ಗುಂಯ್, ಸೊಳ್ಳೆ ಬಂದರೂ ಗುಂಯ್. ಸಾಮಾನ್ಯವಾಗಿ ಈ ಸದ್ದು ಬಂದ ಹಾಗೇ ಹೋಗುತ್ತದೆ. ಹೋಗದೆ ಕೂತರೆ ಆಸ್ಪತ್ರೆಯ ಚೀಟಿಯಲ್ಲಿ ಟಿನಿಟಸ್ ಎಂದು ಹೆಸರು ಬದಲಾಗುತ್ತದೆ.

ಸುಶ್ರುತಸಂಹಿತೆ ಕಿವಿಯ 28 ರೋಗಗಳನ್ನು ಎಣಿಸುತ್ತದೆ. ಆಯುರ್ವೇದದ ಲೆಕ್ಕದಲ್ಲಿ ಭೇರಿ, ಮೃದಂಗ, ಶಂಖದಂತೆ ಕೇಳಿದರೆ ಕರ್ಣನಾದ. ಕೊಳಲಿನಂತೆ ಕೇಳಿದರೆ ಕರ್ಣಕ್ಷ್ವೇಡ. ಕನ್ನಡದ ರೋಗಿಗೆ ವಾದ್ಯಗಳ ಹಂಗಿಲ್ಲ. ಗುಂಯ್, ಸುಂಯ್, ಜೀಂ, ಜೀರುಂಡೆ ಕೂತ ಹಾಗೆ. ಇದನ್ನು ಬರೀ ಮಾತಿನ ಸೊಗಸು ಎಂದುಕೊಂಡರೆ ತಪ್ಪು. ನಾಡಿಯ ತಾಳಕ್ಕೆ ಸರಿಯಾಗಿ ಡಬ್ ಡಬ್ ಎನ್ನುತ್ತಿದೆ ಎಂದರೆ ವೈದ್ಯರ ಗಮನ ರಕ್ತನಾಳಗಳ ಕಡೆ ಹೊರಳುತ್ತದೆ. ರೋಗಿ ಆರಿಸಿದ ಪದವೇ ತಪಾಸಣೆಯ ದಾರಿ ಬದಲಿಸಿತಲ್ಲ!

ಚೆಕ್ ಸಂಗೀತಗಾರ ಸ್ಮೆತನ ಪದಗಳಲ್ಲಿ ಹೇಳಿ ಸುಮ್ಮನಾಗಲಿಲ್ಲ. 1874ರಲ್ಲಿ ಕಿವುಡಾದ ಆತ, 1876ರಲ್ಲಿ ರಚಿಸಿದ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ಪಿಟೀಲಿನ ಒಂದೇ ತಾರಸ್ವರವನ್ನು ಉದ್ದಕ್ಕೆ ಎಳೆಸಿದ. ಅದು ಆತನ ಕಿವಿಯಲ್ಲಿದ್ದ ಸದ್ದು.

"ಕಿವಿ ಗುಂಯ್ ಅಂತು" ಎಂಬ ನಮ್ಮ ವ್ಯಾಕರಣದಲ್ಲಿ 'ಅನ್ನುವುದು' ಕಿವಿ. ಆರೋಪ ಪೂರ್ತಿ ನ್ಯಾಯವಲ್ಲ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬರಬೇಕಾದ ಸದ್ದು ಬಾರದಿದ್ದಾಗ ಮಿದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. ಶ್ರವಣನರ ಕತ್ತರಿಸಿದ ಮೇಲೂ ಗುಂಯ್ ನಿಲ್ಲದವರಿದ್ದಾರೆ. ಇನ್ನು 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಕಿವಿ ಸರಿಯಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದಾಗ, ಬಹುಪಾಲು ಜನ ಏನೋ ಸದ್ದು ಕೇಳಿಸಿತು ಎಂದರು.

ಗುಂಯ್ ಜೊತೆಗೆ ಅನೇಕರ ಬಾಯಲ್ಲಿ ಬರುವ ಇನ್ನೊಂದು ಮಾತು: "ಈ ಕಿವಿ ಸ್ವಲ್ಪ ಮಂದ." ಉದಾಹರಣೆಗೆ, ಬಲ ಹೆಗಲಿಗೆ ಕೋವಿ ಆನಿಸಿ ಗುಂಡು ಹಾರಿಸುವವರಿಗೆ ಕೋವಿಯ ಬಾಯಿಗೆ ಹತ್ತಿರವಾದ ಎಡಗಿವಿ ಹೆಚ್ಚು ಹಾಳಾಗುತ್ತದೆ. ಆಡಿಯೋಗ್ರಾಂ ಹಾಳೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಎರಡರ ಗೆರೆಗಳು ಬೇರೆಬೇರೆ ಇಳಿಜಾರು ಹಿಡಿದಾಗ ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಶುರು. ಫೋನು ತಾನಾಗಿ ಒಳ್ಳೆಯ ಕಿವಿಗೆ ಹೋಗುತ್ತದೆ. ಛತ್ರದ ಪಂಕ್ತಿಯಲ್ಲಿ ಮಾತುಗಾರ ಭಾವ ಒಳ್ಳೆಯ ಕಿವಿಯ ಕಡೆಗೇ ಬರುವಂತೆ ಎಲೆ ಹಿಡಿಯಬೇಕು. ಯಾರೋ ಕರೆದರೆ ಯಾವ ದಿಕ್ಕು ಎಂದು ತಿಳಿಯುವುದಿಲ್ಲ. ದಿಕ್ಕಿನ ಲೆಕ್ಕಕ್ಕೆ ಎರಡೂ ಕಿವಿಯ ಸಾಕ್ಷಿ ಬೇಕು. ರಾತ್ರಿಯ ಸಮಸ್ಯೆ ಬೇರೆ. ಸುತ್ತ ಸದ್ದಡಗಿದಷ್ಟೂ ಗುಂಯ್ ಜೋರು, ಹಾಗಾಗಿ ಚಳಿಗಾಲದಲ್ಲೂ ಫ್ಯಾನ್ ಬೇಕು. ಪಕ್ಕದಲ್ಲಿ ಮಲಗಿದವರು ಕಂಬಳಿಯ ಮೇಲೆ ಕಂಬಳಿ ಹೊದೆಯುತ್ತಾರೆ. ಫ್ಯಾನಿನ ಸದ್ದು ನಿಜವಾದ ಉಪಾಯ; ವೈದ್ಯರೂ ಹಿನ್ನೆಲೆಯ ಮೆಲುಸದ್ದನ್ನು ಸೂಚಿಸುತ್ತಾರೆ.

ಒಂದೇ ಕಿವಿ ಗುಂಯ್ ಅಂದು, ಅದೇ ಕಿವಿ ಮಂದವೂ ಆಗಿದ್ದರೆ ತಡಮಾಡುವಂತಿಲ್ಲ, ಎಂಆರ್‌ಐವರೆಗೂ ಹೋಗಬೇಕಾಗಬಹುದು. ಅದಕ್ಕೂ ಮೊದಲು ವೈದ್ಯರು ಕಿವಿಯೊಳಗೆ ದೀಪ ಹಿಡಿದು ನೋಡುತ್ತಾರೆ. ಕೆಲವೊಮ್ಮೆ ಅಲ್ಲಿ ಸಿಗುವುದು ಬರೀ ಗುಗ್ಗೆ.