ಹಲ್ಲಿನ ವೈದ್ಯ ವಿದ್ಯೆಯ ನೂರು ವರ್ಷ ಮತ್ತು ನಮ್ಮ ಗಡಿನಾಡ ಮಕ್ಕಳು



ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ "ಮುಂದೆ ಏನಾಗ್ತೀರಿ?" ಎಂದು ಕೇಳಿದರೆ ಡಾಕ್ಟರ್, ಪೊಲೀಸ್, ಶಿಕ್ಷಕ ಎನ್ನುತ್ತಾರೆ. ಹಲ್ಲಿನ ಡಾಕ್ಟರ್ ಎನ್ನುವವರು ಅಪರೂಪ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಳ್ಳಿಗಳಲ್ಲಿ ಹಲ್ಲು ನೆನಪಾಗುವುದೇ ನೋವು ಬಂದಾಗ! ಆದರೆ ಈ ವಿದ್ಯೆಗೂ ಒಂದು ಇತಿಹಾಸವಿದೆ. ಅದನ್ನು ತಿಳಿದರೆ ನಮ್ಮ ಮಕ್ಕಳ ದಾರಿಯೂ ಕಾಣುತ್ತದೆ.

ಜಗತ್ತಿನ ಮೊದಲ ದಂತ ಕಾಲೇಜು 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆರಂಭವಾಯಿತು. ಹಲ್ಲಿಗೆ ಹುಳ ಹತ್ತುತ್ತದೆ ಎಂದು ಜನ ಬಹುಕಾಲ ನಂಬಿದ್ದರು. 1890ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ, ಬಾಯಿಯ ಸೂಕ್ಷ್ಮಜೀವಿಗಳು ಸಿಹಿ ಮತ್ತು ಹಿಟ್ಟಿನ ಅಂಶವನ್ನು ಆಮ್ಲ ಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ವಿವರಿಸಿದರು.

ನಮ್ಮ ದೇಶಕ್ಕೆ ಈ ವಿದ್ಯೆಯ ಕಾಲೇಜು ತಂದವರು ಡಾ. ರಫಿಯುದ್ದೀನ್ ಅಹ್ಮದ್. ಅಮೆರಿಕದ ಅಯೋವಾದಲ್ಲಿ 1915ರಲ್ಲಿ ಪದವಿ ಪಡೆದ ಅವರು 1920ರಲ್ಲಿ ಕಲಕತ್ತೆಯಲ್ಲಿ ಭಾರತದ ಮೊದಲ ದಂತ ಕಾಲೇಜು ತೆರೆದರು. ಅದರ ಖರ್ಚಿಗಾಗಿ ಅವರು ಸೋಡಾ ಅಂಗಡಿಯನ್ನೂ ನಡೆಸಿದರು! ಅವರ ಜನ್ಮದಿನವಾದ ಡಿಸೆಂಬರ್ 24ನ್ನು ಇಂದು ದಂತವೈದ್ಯರ ದಿನವೆಂದು ಆಚರಿಸುತ್ತಾರೆ.

1948ರ ಮಾರ್ಚ್‌ನಲ್ಲಿ ದಂತವೈದ್ಯರ ಕಾಯ್ದೆ ಬಂದಿತು. ನೋಂದಣಿ ಇಲ್ಲದವರು ಈ ವೃತ್ತಿ ಮಾಡುವುದಕ್ಕೆ ತಡೆ ಬಿದ್ದದ್ದು ಇದರಿಂದ. ಆಗ ನಾವಿನ್ನೂ ನಿಜಾಮರ ಸಂಸ್ಥಾನದಲ್ಲಿದ್ದೆವು. ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯಲ್ಲಿದ್ದವು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ, ಈ ಎರಡು ತಾಲೂಕು ಮುಂಬೈ ರಾಜ್ಯಕ್ಕೆ ಹೋದವು. ಮುಂದೆ ಕಾಲೇಜುಗಳು ಗಡಿಯ ಎರಡೂ ಕಡೆ ಬೆಳೆದವು: ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರಲ್ಲಿ, ಔರಂಗಾಬಾದಿನದು 1982ರಲ್ಲಿ. ಇಂದು ನಮಗೆ ಹತ್ತಿರದ ಲಾತೂರು, ಕಲಬುರಗಿಗಳಲ್ಲೂ ಖಾಸಗಿ ದಂತ ಕಾಲೇಜುಗಳಿವೆ. 1948ರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ.

ಈಗ ದಾರಿಯ ಮಾತು. ಹತ್ತನೆಯ ನಂತರ ವಿಜ್ಞಾನ ಶಾಖೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ನೀಟ್ ಪರೀಕ್ಷೆ ಬರೆಯಬೇಕು. ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಆಸ್ಪತ್ರೆಯ ತರಬೇತಿ. ಅಷ್ಟು ಓದಲಾಗದವರಿಗೆ ದಂತ ಸ್ವಚ್ಛತಾ ಸಹಾಯಕ, ಕೃತಕ ಹಲ್ಲು ತಯಾರಿಸುವ ಡೆಂಟಲ್ ಮೆಕ್ಯಾನಿಕ್ ಎಂಬ ಡಿಪ್ಲೊಮಾಗಳೂ ಇವೆ. 1948ರ ಕಾಯ್ದೆಯೇ ಈ ಎರಡು ವೃತ್ತಿಗಳನ್ನು ಗುರುತಿಸಿತ್ತು.

ಗಡಿಯವರಾದ ನಾವು ಎರಡು ವಿಷಯ ಮೊದಲೇ ತಿಳಿದಿರಬೇಕು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಆದರೆ ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಮಹಾರಾಷ್ಟ್ರದ ಕೇಂದ್ರ ಆರಿಸಿದರೆ ಮರಾಠಿ, ಹಿಂದಿ, ಇಂಗ್ಲಿಷ್ ಅಥವಾ ಉರ್ದುವಿನಲ್ಲೇ ಬರೆಯಬೇಕು. ಇನ್ನು ಕರ್ನಾಟಕದ ಗಡಿನಾಡ ಕನ್ನಡಿಗರ ನಿಯಮದಲ್ಲಿ ತಾಲೂಕುಗಳ ಹೆಸರನ್ನೇ ಹೇಳಿರುತ್ತಾರೆ. ನಮ್ಮ ತಾಲೂಕು ಅದರಲ್ಲಿದೆಯೇ ಎಂದು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಬೇಕು. ಯಾರೋ ಹೇಳಿದರೆಂದು ನಂಬಿ ಕೂತರೆ ಮಗುವಿನ ಒಂದು ವರ್ಷ ಹೋದಂತೆ.

ಕಾಲೇಜು ದೂರವಿರಬಹುದು, ಹಲ್ಲು ನಮ್ಮ ಬಾಯಲ್ಲೇ ಇದೆಯಲ್ಲ! ಹಾಲುಹಲ್ಲು 20, ಶಾಶ್ವತ ಹಲ್ಲು 32. ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಬರುವ ದವಡೆಹಲ್ಲು ಶಾಶ್ವತವಾದದ್ದು. ಬಿದ್ದು ಮತ್ತೆ ಬರುತ್ತದೆಂದು ಅದನ್ನು ಕಡೆಗಣಿಸಬೇಡಿ. ಹುಳುಕು ಚಿಕ್ಕದಿದ್ದಾಗ ಕೊರೆದು ತುಂಬಿದರೆ ಸಾಕು. ಒಳಗಿನ ನರ ಮುಟ್ಟಿದರೆ ಬೇರಿನ ಚಿಕಿತ್ಸೆ, ಅದೂ ತಪ್ಪಿದರೆ ಕೀಳುವುದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದು ಸುಳ್ಳು. ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವುದು ಮಾತ್ರ ನಿಜವಾಗಿ ಅಪಾಯ, ಬಾಯಿಯ ಕ್ಯಾನ್ಸರಿಗೆ ದಾರಿ. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದೇ ಸುಲಭದ ರಕ್ಷಣೆ.

ಮುಂದಿನ ಡಿಸೆಂಬರ್ 24ರಂದು ನಮ್ಮ ಶಾಲೆಗಳಲ್ಲಿ ಅಹ್ಮದರ ಕಥೆ ಹೇಳೋಣ. ಕೇಳುವ ಮಕ್ಕಳಲ್ಲಿ ಒಬ್ಬರು ನಾಳೆ ಇದೇ ತಾಲೂಕಿನಲ್ಲಿ, ಇದೇ ಕನ್ನಡದಲ್ಲಿ "ಬಾಯಿ ತೆರೀರಿ ಅಜ್ಜಾ" ಎನ್ನುವಂತಾಗಲಿ.