ಐವತ್ತೈದರ ಕಾವಲು

1985ರ ಅಕ್ಟೋಬರ್ 24. ಟೋಕಿಯೋದ ಕೊರಾಕುಎನ್ ಕ್ರೀಡಾಂಗಣದಲ್ಲಿ ಹನ್‌ಶಿನ್ ಟೈಗರ್ಸ್ ಬೇಸ್‌ಬಾಲ್ ತಂಡಕ್ಕೆ ಅದು ಋತುವಿನ ಕೊನೆಯ ಲೀಗ್ ಪಂದ್ಯ. ತಂಡದ ಅಮೆರಿಕನ್ ದಾಂಡಿಗ ರ‍್ಯಾಂಡಿ ಬಾಸ್ ಆ ವರ್ಷ ಆಗಲೇ 54 ಹೋಂ ರನ್ ಬಾರಿಸಿದ್ದ. ಇನ್ನೊಂದು ಬಾರಿಸಿದರೆ 21 ವರ್ಷಗಳಿಂದ ಅಲುಗದೆ ನಿಂತಿದ್ದ ಜಪಾನಿನ ದಾಖಲೆಗೆ ಸರಿಸಮ, ಎರಡು ಬಾರಿಸಿದರೆ ದಾಖಲೆಯೇ ಆತನದು. ಆದರೆ ಎದುರಾಳಿ ಯೊಮಿಯುರಿ ಜೈಂಟ್ಸ್ ತಂಡದ ಪಿಚರ್‌ಗಳು ಎಸೆದ ಚೆಂಡುಗಳು ಬ್ಯಾಟಿಗೆ ನಿಲುಕದಷ್ಟು ದೂರದಲ್ಲಿ ಹಾದುಹೋದವು. ನಾಲ್ಕು ಬಾರಿ ಬಾಸ್ ಬ್ಯಾಟ್ ಬೀಸದೆಯೇ ಮೊದಲ ಬೇಸಿಗೆ ನಡೆದು ಹೋಗಬೇಕಾಯಿತು. ಎಣಿಕೆ 54ರಲ್ಲೇ ನಿಂತಿತು.

ಜೈಂಟ್ಸ್ ತಂಡದ ಮ್ಯಾನೇಜರ್ ಬೇರೆ ಯಾರೂ ಅಲ್ಲ, ಆ ದಾಖಲೆಯ ಒಡೆಯ ಸದಾಹಾರು ಓ. 1964ರಲ್ಲಿ 55 ಹೋಂ ರನ್ ಹೊಡೆದವರು ಅವರೇ. ತಾನು ಅಂಥ ಆದೇಶ ಕೊಟ್ಟಿಲ್ಲವೆಂದು ಓ ಹೇಳಿದರು. ಆಗ ಜೈಂಟ್ಸ್‌ನಲ್ಲಿದ್ದ ಅಮೆರಿಕನ್ ಪಿಚರ್ ಕೀತ್ ಕಾಮ್‌ಸ್ಟಾಕ್ ಮಾತ್ರ, ಬಾಸ್‌ಗೆ ಹೊಡೆಯಬಲ್ಲ ಚೆಂಡು ಎಸೆದವರಿಗೆ ದಂಡ ಹಾಕುವುದಾಗಿ ತಂಡದ ಕೋಚ್ ಒಬ್ಬರು ಎಚ್ಚರಿಸಿದ್ದರೆಂದು ಮುಂದೆ ಬಾಯಿಬಿಟ್ಟ. ಜಪಾನಿನ ದಾಖಲೆ ವಿದೇಶಿಯ ಪಾಲಾಗಬಾರದೆಂಬುದೇ ಇದರ ಹಿಂದಿನ ಕಾಳಜಿ ಎಂದು ಎಲ್ಲರೂ ಅರ್ಥಮಾಡಿಕೊಂಡರು. ವಿಚಿತ್ರ ಇರುವುದು ಇಲ್ಲೇ. ಕಾನೂನಿನ ಕಣ್ಣಿನಲ್ಲಿ ಓ ಅವರೂ ವಿದೇಶಿಯೇ.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರಾ ದೂರದ ಆಟವೇನಲ್ಲ. ವಜ್ರಾಕೃತಿಯ ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು, ಅವೇ ಬೇಸ್‌ಗಳು. ನೆಲದ ಮೇಲೆ ಚೆಂಡು ಹೊಡೆದವನು ಮೊದಲ ಬೇಸಿಗೆ ಓಡಲೇಬೇಕು. ಅವನು ಮುಟ್ಟುವ ಮೊದಲೇ ಚೆಂಡು ಅಲ್ಲಿ ಕಾಲಿಟ್ಟು ನಿಂತ ಆಟಗಾರನ ಕೈ ಸೇರಿದರೆ ಔಟ್. ಆ ಆಟಗಾರನೇ ಫಸ್ಟ್ ಬೇಸ್‌ಮನ್. ಮೈದಾನದ ಎಲ್ಲ ಕಡೆಯಿಂದ ತೂರಿ ಬರುವ ಚೆಂಡನ್ನು ಮೈಚಾಚಿ ಹಿಡಿಯುವುದು ಅವನ ಕಸುಬು. ಓಡುವ ಕೆಲಸ ಕಡಿಮೆಯಾದ್ದರಿಂದ ಭಾರಿ ಹೊಡೆತಗಾರರನ್ನು ಹೆಚ್ಚಾಗಿ ಅಲ್ಲೇ ನಿಲ್ಲಿಸುತ್ತಾರೆ. ಚೆಂಡು ನೇರವಾಗಿ ಬೇಲಿ ದಾಟಿದರೆ ಹೋಂ ರನ್, ನಮ್ಮ ಸಿಕ್ಸರಿನಂತೆ. ಪಿಚರ್ ನಾಲ್ಕು ಚೆಂಡುಗಳನ್ನು ಗುರಿತಪ್ಪಿ ಎಸೆದರೆ ದಾಂಡಿಗನಿಗೆ ಮೊದಲ ಬೇಸ್ ಪುಕ್ಕಟೆ. ಇದಕ್ಕೆ ‘ವಾಕ್’ ಎನ್ನುತ್ತಾರೆ. ಹೆದರಿಕೆ ಹುಟ್ಟಿಸುವ ದಾಂಡಿಗ ಎದುರಾದಾಗ ಬೇಕೆಂದೇ ಹೀಗೆ ಎಸೆದು ಪಾರಾಗುವುದು ನಿಯಮಕ್ಕೆ ವಿರುದ್ಧವಲ್ಲ. ಸೊಗಸಲ್ಲ, ಅಷ್ಟೇ.

ಓ ಹುಟ್ಟಿದ್ದು 1940ರ ಮೇ ತಿಂಗಳಲ್ಲಿ, ಟೋಕಿಯೋದ ಪೂರ್ವ ಭಾಗದ ಶ್ರಮಿಕರ ಬಡಾವಣೆಯಲ್ಲಿ. ತಂದೆ ಚೀನಾದ ಝೆಜಿಯಾಂಗ್ ಪ್ರಾಂತ್ಯದಿಂದ ಬದುಕು ಅರಸಿ ಬಂದವರು; ತಾಯಿ ಜಪಾನಿ. ದಂಪತಿಗೆ ಒಂದು ಸಣ್ಣ ಚೀನೀ ಖಾನಾವಳಿ ಇತ್ತು. ಆಗ ಜಪಾನ್ ಚೀನಾದ ಮೇಲೆ ಯುದ್ಧ ಹೂಡಿ ಮೂರು ವರ್ಷವಾಗುತ್ತ ಬಂದಿತ್ತು ಎಂಬುದನ್ನು ನೆನೆದರೆ ಆ ಮನೆಯ ಪರಿಸ್ಥಿತಿ ಊಹಿಸಬಹುದು. ಮಗ ಎಂಜಿನಿಯರ್ ಆಗಿ ಚೀನಾಕ್ಕೆ ಮರಳಬೇಕೆಂಬುದು ತಂದೆಯ ಆಸೆ. ವಾಂಗ್ ಎಂಬ ಚೀನೀ ಕುಲನಾಮದ ಅಕ್ಷರವನ್ನು ಜಪಾನಿಯರು ‘ಓ’ ಎಂದು ಓದುತ್ತಾರೆ. ಅರ್ಥ, ಅರಸ.

ಜಪಾನಿನ ಅಂದಿನ ಕಾನೂನಿನಂತೆ ಪೌರತ್ವ ತಂದೆಯಿಂದ ಬರುತ್ತಿತ್ತು. ತಾಯಿ ಜಪಾನಿಯಾದರೆ ಮಗುವಿಗೂ ಹಕ್ಕುಂಟೆಂಬ ತಿದ್ದುಪಡಿ ಜಾರಿಗೆ ಬಂದದ್ದು 1985ರಲ್ಲಿ, ಅಂದರೆ ಬಾಸ್ ಪ್ರಕರಣ ನಡೆದ ವರ್ಷವೇ. ಹಾಗಾಗಿ ಟೋಕಿಯೋದಲ್ಲೇ ಹುಟ್ಟಿ, ಜಪಾನಿ ಭಾಷೆಯಷ್ಟನ್ನೇ ಆಡುತ್ತ ಬೆಳೆದ ಹುಡುಗ ಕಾಗದದ ಮೇಲೆ ಚೀನೀಯನಾಗಿದ್ದ. ಇದರ ಬಿಸಿ ತಟ್ಟಿದ್ದು 1957ರಲ್ಲಿ. ಆ ವಸಂತದಲ್ಲಿ ಕೋಶಿಎನ್‌ನ ಅಖಿಲ ಜಪಾನ್ ಪ್ರೌಢಶಾಲಾ ಪಂದ್ಯಾವಳಿಯಲ್ಲಿ ವಾಸೆದಾ ಜಿತ್ಸುಗ್ಯೋ ಶಾಲೆಗೆ ಪ್ರಶಸ್ತಿ ತಂದುಕೊಟ್ಟ ಪಿಚರ್ ಅವನೇ. ಬೆರಳಿನ ಬೊಬ್ಬೆ ಒಡೆದು ಚೆಂಡಿಗೆ ರಕ್ತ ಹತ್ತಿದರೂ ಎಸೆಯುವುದನ್ನು ನಿಲ್ಲಿಸಿರಲಿಲ್ಲ. ಅದೇ ವರ್ಷದ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಶಾಲೆಯ ತಂಡಕ್ಕೆ ಕರೆ ಬಂತು. ಅವನಿಗೆ ಆಡಲು ಅನುಮತಿ ಸಿಗಲಿಲ್ಲ. ಕೂಟ ಜಪಾನಿನ ಪ್ರಜೆಗಳಿಗೆ ಮಾತ್ರ ಮೀಸಲು. ತಂಡ ಆಡಿತು, ಗೆಲ್ಲಿಸಿದವನು ಹೊರಗುಳಿದ.

ವೃತ್ತಿಪರ ಲೀಗ್ ಅಷ್ಟು ಬಿಗಿಯಾಗಿರಲಿಲ್ಲ. ಅಲ್ಲಿ ಓ ಅವರನ್ನು ವಿದೇಶಿ ಆಟಗಾರರ ಲೆಕ್ಕಕ್ಕೆ ಸೇರಿಸಲಿಲ್ಲ. 1959ರಲ್ಲಿ ಜೈಂಟ್ಸ್ ಸೇರಿದಾಗ ಮ್ಯಾನೇಜರ್ ಮಿಜುಹಾರ ಅವರನ್ನು ಪಿಚಿಂಗ್ ಬಿಡಿಸಿ ಮೊದಲ ಬೇಸಿನಲ್ಲಿ ನಿಲ್ಲಿಸಿದರು. ಆ ಜಾಗ ಆಗಷ್ಟೇ ತೆರವಾಗಿತ್ತು. ‘ಬ್ಯಾಟಿಂಗಿನ ದೇವರು’ ಎನಿಸಿಕೊಂಡಿದ್ದ ಕವಕಾಮಿ 1958ರ ಕೊನೆಗೆ ನಿವೃತ್ತರಾಗಿದ್ದರು. ದೇವರು ಬಿಟ್ಟುಹೋದ ಪೀಠದಲ್ಲಿ ಹದಿನೆಂಟರ ತರುಣ ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಲ 26 ಪ್ರಯತ್ನಗಳಲ್ಲಿ ಒಂದೂ ಹಿಟ್ ಇಲ್ಲ. ವರ್ಷವಿಡೀ ಬರೇ 7 ಹೋಂ ರನ್. ಚೆಂಡು ತಪ್ಪಿ ಔಟಾದದ್ದು 72 ಬಾರಿ. ಚೆಂಡು ತಪ್ಪಿ ಔಟಾಗುವುದಕ್ಕೆ ಜಪಾನಿಯಲ್ಲಿ ‘ಸಾನ್‌ಶಿನ್’ ಎನ್ನುತ್ತಾರೆ. ಪ್ರೇಕ್ಷಕರು ಅವರ ಹೆಸರನ್ನೇ ಹಿಡಿದು ‘ಸಾನ್‌ಶಿನ್ ಓ’ ಎಂದು, ಅಂದರೆ ಔಟಾಗುವವರ ಅರಸ ಎಂದು, ಕೂಗಿ ಗೇಲಿ ಮಾಡಿದರು.

ದಾರಿ ಸಿಕ್ಕಿದ್ದು 1962ರಲ್ಲಿ, ಅರಕಾವಾ ಹಿರೋಶಿ ಜೈಂಟ್ಸ್ ತಂಡದ ಬ್ಯಾಟಿಂಗ್ ಕೋಚ್ ಆಗಿ ಬಂದಾಗ. ಇಬ್ಬರದೂ ಹಳೆಯ ಪರಿಚಯ. ಎಡಗೈ ವಾಟದ ಹುಡುಗ ಬಲಗೈ ಬ್ಯಾಟಿಂಗ್ ಮಾಡುತ್ತಿದ್ದುದನ್ನು 1954ರಲ್ಲಿ ದಾರಿಯಲ್ಲಿ ಹೋಗುತ್ತ ಕಂಡು, ಎಡಕ್ಕೆ ತಿರುಗಿ ನಿಲ್ಲೆಂದು ಹೇಳಿದವರು ಇದೇ ಅರಕಾವಾ. ಈಗ ಅವರಿಗೆ ಕಂಡ ದೋಷ ಬೇರೆ. ಚೆಂಡು ಬರುವ ಹೊತ್ತಿಗೆ ಓ ಅವರ ಕೈ ಒಮ್ಮೆ ಕೆಳಗಿಳಿದು ಮೇಲೇಳುತ್ತಿತ್ತು; ಅಷ್ಟರಲ್ಲಿ ಹೊಡೆತ ತಡವಾಗುತ್ತಿತ್ತು. ಪಿಚರ್ ಎಸೆಯುವ ಮೊದಲೇ ಮುಂದಿನ ಕಾಲನ್ನು ಸೊಂಟದವರೆಗೆ ಎತ್ತಿ ಒಂಟಿಗಾಲಲ್ಲಿ ನಿಂತರೆ ಕೈ ಅಲುಗಿಸುವಂತಿಲ್ಲ, ಅಲುಗಿಸಿದರೆ ಮೈ ವಾಲುತ್ತದೆ. ಜುಲೈ 1ರಂದು ತೈಯೋ ವೇಲ್ಸ್ ವಿರುದ್ಧ ಹೀಗೆ ನಿಂತು ಆಡಿದ ಓ ಅಂದೇ ಒಂದು ಹೋಂ ರನ್ ಹೊಡೆದರು. ವರ್ಷ ಮುಗಿಯುವಾಗ ಎಣಿಕೆ 38.

ಕೊಕ್ಕರೆಯಂತೆ ನಿಲ್ಲುವುದೇನೋ ಸರಿ, ಅಲುಗದೆ ನಿಲ್ಲುವುದು ಬೇರೆಯೇ ವಿದ್ಯೆ. ಅದಕ್ಕಾಗಿ ಅರಕಾವಾ ತಮ್ಮ ಶಿಷ್ಯನನ್ನು ಐಕಿಡೋ ಗುರುಗಳ ಬಳಿಗೆ ಕರೆದೊಯ್ದರು. ಚಾವಣಿಯಿಂದ ಇಳಿಬಿಟ್ಟ ತೆಳುವಾದ ಕಾಗದದ ಪಟ್ಟಿಯನ್ನು ನಿಜವಾದ ಕತ್ತಿಯಿಂದ ಕತ್ತರಿಸುವ ಅಭ್ಯಾಸ ರಾತ್ರಿಗಳ ಕಾಲ ನಡೆಯಿತು. ಕತ್ತಿಯ ಅಲಗು ತುಸು ಓರೆಯಾದರೂ ಕಾಗದ ತುಂಡಾಗದೆ ಅತ್ತ ಸರಿದುಬಿಡುತ್ತದೆ. ಜಪಾನಿನ ಪತ್ರಿಕೆಗಳು ಇದರಲ್ಲಿ ಸಮುರಾಯ್ ಪರಂಪರೆಯನ್ನು ಕಂಡು ಹಿಗ್ಗಿದವು. ದಂತಕಥೆಯ ಲೇಪವನ್ನು ಕಳೆದು ನೋಡಿದರೂ ಉಳಿಯುವುದು ಕಡಿಮೆಯಲ್ಲ: ಬ್ಯಾಟಿನ ಬೀಸು ಒಂದೇ ಜಾಡಿನಲ್ಲಿ ಸಾಗುವಂತೆ ಮೈಯನ್ನು ಪಳಗಿಸುವ ದೀರ್ಘ ದುಡಿಮೆ.

ಮುಂದಿನದು ಅಂಕಿಗಳ ಮೆರವಣಿಗೆ. 1962ರಿಂದ 1974ರವರೆಗೆ ಸತತ ಹದಿಮೂರು ವರ್ಷ ಲೀಗಿನಲ್ಲಿ ಅತಿ ಹೆಚ್ಚು ಹೋಂ ರನ್ ಅವರದೇ. ಅವರೂ ನಾಗಶಿಮಾ ಶಿಗೆಓ ಅವರೂ ಇದ್ದ ಜೈಂಟ್ಸ್ 1965ರಿಂದ 1973ರವರೆಗೆ ಒಂಬತ್ತು ವರ್ಷ ಬಿಡದೆ ಜಪಾನ್ ಸರಣಿ ಗೆದ್ದಿತು. ಮೊದಲ ಬೇಸಿನ ಕ್ಷೇತ್ರರಕ್ಷಣೆಗಾಗಿಯೂ ಒಂಬತ್ತು ಪ್ರಶಸ್ತಿ ಬಂದವು. 1980ರಲ್ಲಿ ನಿವೃತ್ತರಾಗುವಾಗ ಒಟ್ಟು 868 ಹೋಂ ರನ್. ಅಮೆರಿಕದ ಹ್ಯಾಂಕ್ ಆರನ್ ಅವರದು 755. ಜಪಾನಿನ ಅಂದಿನ ಮೈದಾನಗಳು ಚಿಕ್ಕವು ಎಂದು ಅಮೆರಿಕನ್ನರು ಈ ಹೋಲಿಕೆಯನ್ನು ಒಪ್ಪುವುದಿಲ್ಲ. ಆದರೆ ಅಲ್ಲಿನ ಋತುವಿನಲ್ಲಿ ಪಂದ್ಯಗಳೂ ಕಡಿಮೆ ಎಂಬುದನ್ನು ಅವರು ಅಷ್ಟಾಗಿ ಹೇಳುವುದಿಲ್ಲ.

ಈ ಅಂಕಿಗಳ ನಡುವೆ ಹೆಚ್ಚು ಗಮನ ಸೆಳೆಯದ ಇನ್ನೊಂದಿದೆ: 2,390 ವಾಕ್. ಸತತ ಹದಿನೆಂಟು ವರ್ಷ ಲೀಗಿನಲ್ಲಿ ಅತಿ ಹೆಚ್ಚು ವಾಕ್ ಪಡೆದವರು ಓ. ಬ್ಯಾಟ್ ಬೀಸಲು ಅವಕಾಶವೇ ಕೊಡದೆ ತನ್ನನ್ನು ದಾಟಿಸಿಬಿಡುವ ಪಿಚರ್ ಎದುರು ನಿಲ್ಲುವುದು ಹೇಗಿರುತ್ತದೆಂದು ಅವರಷ್ಟು ಬಲ್ಲವರು ಇನ್ನೊಬ್ಬರಿರಲಾರರು. 1985ರ ಆ ಸಂಜೆಯ ಮೌನ ಅದಕ್ಕೇ ಚುಚ್ಚುತ್ತದೆ. ಆದೇಶ ಕೊಡಲಿಲ್ಲ ಎಂಬ ಮಾತನ್ನು ನಂಬಬಹುದು. ಕೊಡಬೇಡಿ ಎಂದು ತಡೆದರೆಂಬ ಮಾತು ಎಲ್ಲೂ ಇಲ್ಲ.

1977ರ ಸೆಪ್ಟೆಂಬರ್ 3ರಂದು 756ನೇ ಹೋಂ ರನ್ ಹೊಡೆದಾಗ ಸರ್ಕಾರ ಆಗಷ್ಟೇ ಹೊಸದಾಗಿ ಸ್ಥಾಪಿಸಿದ್ದ ರಾಷ್ಟ್ರೀಯ ಗೌರವ ಪ್ರಶಸ್ತಿಯನ್ನು ಎರಡು ದಿನಗಳಲ್ಲಿ ಅವರಿಗೆ ನೀಡಿತು. ಜಪಾನಿನ ಆ ಗೌರವ ಮೊದಲು ಸಂದದ್ದು ಜಪಾನಿನ ಪ್ರಜೆಯಲ್ಲದವರಿಗೆ. ಅವರ ಪಾಸ್‌ಪೋರ್ಟ್ ಚೀನಾ ಗಣರಾಜ್ಯದ್ದು, ಎಂದರೆ ತೈವಾನಿನದು. ಬದಲಿಸಿಕೊಳ್ಳುವುದು ಕಷ್ಟವೇನಿರಲಿಲ್ಲ, ತಂದೆಯ ಕಡೆಯಿಂದ ಬಂದದ್ದನ್ನು ಅವರು ಹಾಗೇ ಉಳಿಸಿಕೊಂಡರು. ತೈವಾನಿನ ಜನ ಅವರನ್ನು ತಮ್ಮವನೆಂದೇ ಮೆರೆಸಿದರು. ತಂದೆ ಆ ದ್ವೀಪದವರಲ್ಲ, ಮಗನಿಗೆ ಚೀನೀ ಭಾಷೆ ಬಾರದು ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. 2006ರಲ್ಲಿ ಮೊದಲ ವಿಶ್ವ ಬೇಸ್‌ಬಾಲ್ ಕ್ಲಾಸಿಕ್ ನಡೆದಾಗ ಜಪಾನ್ ತಂಡಕ್ಕೆ ಮ್ಯಾನೇಜರ್ ಓ. ಫೈನಲ್‌ನಲ್ಲಿ ಕ್ಯೂಬಾ ಸೋತಿತು. ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬೇಡವಾಗಿದ್ದವರು ಅರ್ಧ ಶತಮಾನದ ಬಳಿಕ ರಾಷ್ಟ್ರದ ತಂಡವನ್ನೇ ನಡೆಸಿದರು.

ಆದರೆ 55ರ ಕಾವಲು ಬಾಸ್‌ಗೇ ಮುಗಿಯಲಿಲ್ಲ. 2001ರಲ್ಲಿ ಕಿಂತೆತ್ಸು ತಂಡದ ಅಮೆರಿಕನ್ ಟಫಿ ರೋಡ್ಸ್ 55 ಮುಟ್ಟಿದ. ಮುಂದೆ ಎದುರಾದದ್ದು ಫುಕುಒಕಾದ ಹಾಕ್ಸ್. ಅದರ ಮ್ಯಾನೇಜರ್ ಆಗಲೂ ಓ. ಮತ್ತೆ ಅದೇ ದೂರದ ಚೆಂಡುಗಳು. ಈ ಸಲ ಮಾತ್ರ ತಂಡದ ಕೋಚ್ ವಕಾನಾ, ವಿದೇಶಿಯೊಬ್ಬ ಓ ಅವರ ದಾಖಲೆ ಮುರಿಯುವುದನ್ನು ನೋಡಲು ಇಷ್ಟವಿಲ್ಲವೆಂದು ಬಾಯಿಬಿಟ್ಟೇ ಹೇಳಿದರು. ಮರುವರ್ಷ ಸೆಯಿಬು ತಂಡದ ವೆನಿಜುವೆಲಾದ ಅಲೆಕ್ಸ್ ಕಬ್ರೆರಾ 55 ಮುಟ್ಟಿದಾಗ, ಅವನಿಗೆ ನೇರವಾಗಿ ಎಸೆಯಿರಿ ಎಂದು ಓ ತಮ್ಮ ಪಿಚರ್‌ಗಳಿಗೆ ಹೇಳಿದರು. ಪಿಚರ್‌ಗಳು ಕೇಳಲಿಲ್ಲ. ಅಷ್ಟರಲ್ಲಾಗಲೇ ಆ ಸಂಖ್ಯೆ ಓ ಅವರ ಕೈ ಮೀರಿ ಹೋಗಿತ್ತು.

ಕೊನೆಗೆ ದಾಖಲೆ ಮುರಿದದ್ದು 2013ರ ಸೆಪ್ಟೆಂಬರ್ 15ರಂದು, ಯಾಕುಲ್ಟ್ ತಂಡದ ವ್ಲಾಡಿಮಿರ್ ಬಾಲೆಂಟಿಯನ್ ಕೈಯಲ್ಲಿ. ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದವನು. ಆ ವರ್ಷ ಅವನ ಎಣಿಕೆ 60ಕ್ಕೆ ನಿಂತಿತು. ಜಪಾನಿನ ಲೀಗಿನಲ್ಲಿ ಹಲವು ವರ್ಷ ಆಡಿದ ಹೊರಗಿನವರನ್ನು ಮುಂದೆ ದೇಶೀಯ ಆಟಗಾರರೆಂದೇ ಎಣಿಸುವ ನಿಯಮವೊಂದಿದೆ. ಅದರಂತೆ 2020ರಲ್ಲಿ ‘ವಿದೇಶಿ’ ಪಟ್ಟಿಯಿಂದ ಹೊರಬಂದ ಬಾಲೆಂಟಿಯನ್ ಹೊಸ ತಂಡ ಸೇರಿದ. ಅದು ಹಾಕ್ಸ್, ಅದರ ಅಧ್ಯಕ್ಷರು ಸದಾಹಾರು ಓ.