ಕಾರ್ಯನಿರ್ವಾಹಕ ಸಾಮರ್ಥ್ಯಗಳ ಮಾಪನ: ದೆಹಲಿ ವಲಯದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಲ್ಲಿ

ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜಿಸುವ, ತಟ್ಟನೆ ಹೊಮ್ಮುವ ಪ್ರತಿಕ್ರಿಯೆಯನ್ನು ತಡೆಹಿಡಿಯುವ, ಸಂದರ್ಭ ಬದಲಾದಾಗ ಯೋಚನೆಯ ದಾರಿ ಬದಲಿಸುವ ಶಕ್ತಿಗಳಿಗೆ ಮನೋವಿಜ್ಞಾನದಲ್ಲಿ ಕಾರ್ಯನಿರ್ವಾಹಕ ಸಾಮರ್ಥ್ಯಗಳೆಂದು ಹೆಸರು. ಇವಕ್ಕೆ ಮುಖ್ಯ ಆಧಾರವಾದ ಮಿದುಳಿನ ಮುಂಭಾಗದ ಹಾಲೆಗಳು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತವೆ. ಆದ್ದರಿಂದ ಪದವಿ ವಿದ್ಯಾರ್ಥಿಯ ಅಂಕವನ್ನು ಬದಲಾಗದ ಗುಣವೆಂದು ಓದಬಾರದು.

ಈ ಸಾಮರ್ಥ್ಯಗಳನ್ನು ತಡೆ, ಪಲ್ಲಟ, ನೆನಪಿನ ನವೀಕರಣ ಎಂದು ಮೂರಾಗಿಸುವ ಪ್ರಸಿದ್ಧ ವಿಭಜನೆಯನ್ನು ಅಕಿರಾ ಮಿಯಾಕೆ ಮತ್ತು ಸಂಗಡಿಗರು 2000ದಲ್ಲಿ ಮಂಡಿಸಿದರು. ಅವರು ಪರೀಕ್ಷಿಸಿದ್ದೂ ಕಾಲೇಜು ವಿದ್ಯಾರ್ಥಿಗಳನ್ನೇ, 137 ಮಂದಿಯನ್ನು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಹೊರತಂದ ಪರೀಕ್ಷಾಗುಚ್ಛ. ವಯಸ್ಸು, ಲಿಂಗ, ಓದು ಇವುಗಳಿಗೆ ತಕ್ಕಂತೆ ಅದರಲ್ಲಿ ಬೇರೆಬೇರೆ ಮಾನಕಗಳಿವೆ. ದೆಹಲಿಯ ಏಮ್ಸ್ ಹಿಂದಿಯಲ್ಲಿ ತನ್ನದೇ ಗುಚ್ಛವನ್ನು ರೂಪಿಸಿದೆ.

ದೆಹಲಿ ವಲಯದಲ್ಲಿ ಭಾಷೆಯ ಪ್ರಶ್ನೆಯೇ ದೊಡ್ಡದು. ದೆಹಲಿ ವಿಶ್ವವಿದ್ಯಾಲಯಕ್ಕೂ ಜಾಮಿಯಾ ಮಿಲಿಯಾ ಇಸ್ಲಾಮಿಯಾಕ್ಕೂ ಎಲ್ಲ ರಾಜ್ಯಗಳಿಂದ ಹುಡುಗರು, ಹುಡುಗಿಯರು ಬರುತ್ತಾರೆ. 2022ರಿಂದ ಪದವಿ ಪ್ರವೇಶಕ್ಕಿರುವ ಸಿಯುಇಟಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಕಲಬುರಗಿಯಿಂದ ಬಂದ ಕನ್ನಡ ಮಾಧ್ಯಮದ ವಿದ್ಯಾರ್ಥಿನಿಗೆ ಸ್ಟ್ರೂಪ್ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಏನಾಗುತ್ತದೆ? ಹಸಿರು ಶಾಯಿಯಲ್ಲಿ ಅಚ್ಚಾದ ‘ರೆಡ್’ ಪದವನ್ನು ಓದದೆ ಶಾಯಿಯ ಬಣ್ಣ ಹೇಳುವುದು ಅಲ್ಲಿನ ಕೆಲಸ. ಪದ ತಾನಾಗಿಯೇ ಓದಿಸಿಕೊಂಡಷ್ಟೂ ತೊಡಕು ಹೆಚ್ಚು. ಇಂಗ್ಲಿಷ್ ಓದು ಅಷ್ಟು ಪಳಗದಿದ್ದರೆ ತೊಡಕೇ ತಗ್ಗಿ, ಆಕೆಯ ತಡೆಶಕ್ತಿ ಇರುವುದಕ್ಕಿಂತ ಚೆನ್ನಾಗಿ ಕಂಡೀತು. ಒಂದು ಅಕ್ಷರದಿಂದ ಆರಂಭವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಹೇಳುವ ಪರೀಕ್ಷೆಯಲ್ಲಾದರೆ ಅದೇ ಕಾರಣಕ್ಕೆ ಅಂಕ ಬೀಳುತ್ತದೆ. ಎರಡೂ ತಪ್ಪು ಚಿತ್ರಗಳೇ. ಪದ ಹೇಳಿಸುವಾಗ ಎಫ್, ಎ, ಎಸ್ ಬದಲು ಕ, ಪ, ಮ ಬಳಸಿ ತಾಯ್ನುಡಿಯಲ್ಲೇ ಕೇಳುವ ನಿಮ್ಹಾನ್ಸ್ ಕ್ರಮ ಇದಕ್ಕೆ ಸರಿಯಾದ ಉತ್ತರ. ದೆಹಲಿಯ ಪ್ರತಿ ಪರೀಕ್ಷಕರೂ ಅದನ್ನು ಅನುಸರಿಸಬೇಕು.

ಸ್ವಮೌಲ್ಯಮಾಪನದ ಪ್ರಶ್ನಾವಳಿಗಳೂ ಇವೆ. ಅವುಗಳ ಅಂಕಕ್ಕೂ ಪರೀಕ್ಷೆಯ ಅಂಕಕ್ಕೂ ಹೊಂದಾಣಿಕೆ ಕಡಿಮೆಯೆಂದು ಟಾಪ್ಲಾಕ್ ಮತ್ತು ಸಂಗಡಿಗರ 2013ರ ಸಮೀಕ್ಷೆ ತೋರಿಸಿತು. ಇದಕ್ಕೆ ಕಾರಣವೂ ಇದೆ: ಪರೀಕ್ಷಾ ಕೋಣೆಯಲ್ಲಿ ಗುರಿಯನ್ನೂ ಸಮಯವನ್ನೂ ಪರೀಕ್ಷಕರೇ ಗೊತ್ತುಮಾಡುತ್ತಾರೆ. ಹಾಸ್ಟೆಲಿನಲ್ಲಿ ಅದನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬೇಕು.

ಈ ಅಂಕಗಳು ತಾವಾಗಿಯೇ ಯಾವ ಸೌಲಭ್ಯವನ್ನೂ ಕೊಡಿಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವಿಕಲತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಈ ಸಾಮರ್ಥ್ಯಗಳ ಕೊರತೆಯೊಂದಿಗೆ ಹೆಚ್ಚಾಗಿ ಕಾಣಿಸುವ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ (ಎಡಿಎಚ್‌ಡಿ) ಅದರಲ್ಲಿ ಪ್ರತ್ಯೇಕ ಸ್ಥಾನವಿಲ್ಲ.